ತಾರಸಿ ತೋಟಕ್ಕೆ ಗುಲಗಂಜಿ ಹುಳು, ಜೇನು ಬರುವಂತೆ ಮಾಡುವುದು ಹೇಗೆ? ಚೆಂಡುಹೂ ಇಟ್ಟರೂ ಬರುತ್ತಿಲ್ಲ

ಹೀರೆಬಳ್ಳಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಎರಡು ಮಹಡಿ ಮನೆಯ ಮೇಲೆ 20x30 ಅಡಿ ತಾರಸಿ. ಗ್ರೋಬ್ಯಾಗ್, ಕುಂಡ ಎಲ್ಲ ಸೇರಿ ಸುಮಾರು 40. ಅಲಸಂದೆ, ಬದನೆ, ಟೊಮೇಟೊ, ಹೀರೆ, ಸೋರೆ, ಎರಡು ದಾಸವಾಳ, ಡ್ರಮ್ಮಿನಲ್ಲಿ ಒಂದು ಪಪ್ಪಾಯಿ. ರಾಸಾಯನಿಕ ಬಳಸುವುದಿಲ್ಲ. ವಾರಕ್ಕೊಮ್ಮೆ ಬೆಳಗ್ಗೆ ನೀರು ಹಾಕುವಾಗಲೇ ಎಲ್ಲ ಗಿಡಗಳಿಗೂ ಬೇವಿನೆಣ್ಣೆ, ಸೋಪು ನೀರು ಸಿಂಪಡಿಸುತ್ತೇನೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನೂ ವಾರಕ್ಕೊಮ್ಮೆ ಕೊಡುತ್ತೇನೆ.

ಈಗ ಆಗಿರುವುದು ಇಷ್ಟು. ಅಲಸಂದೆ ಕುಡಿಗೆ ಕಪ್ಪು ಹೇನು ಮುತ್ತಿದೆ, ಜೊತೆಗೆ ಇರುವೆ ಸಾಲು. ದಾಸವಾಳದ ಮೊಗ್ಗಿನ ಬುಡದಲ್ಲಿ ಬಿಳಿ ಹಿಟ್ಟು ತಿಗಣೆ. ಹೀರೆ ಮಿಡಿ ಬೆರಳುದ್ದ ಆಗುವ ಮೊದಲೇ ಹಳದಿಯಾಗಿ ಉದುರುತ್ತಿದೆ. ಬದನೆ ಎಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಹುಳುಗಳಿವೆ. ಹೇನು ತಿನ್ನುವ ಗುಲಗಂಜಿ ಹುಳು (ಲೇಡಿಬರ್ಡ್) ಎಂದು ಅವನ್ನು ಮುಟ್ಟಿಲ್ಲ, ಆದರೆ ಎಲೆ ಜರಡಿಯಾಗುತ್ತಿದೆ.

ಉಪಕಾರಿ ಕೀಟ ಬರಲಿ ಎಂದು ನರ್ಸರಿಯಿಂದ ದೊಡ್ಡ ಹೂವಿನ ಚೆಂಡುಹೂ ಗಿಡ ತಂದಿಟ್ಟಿದ್ದೇನೆ. ಹೂ ತುಂಬಿದೆ, ಕೀಟ ಸುಳಿಯುತ್ತಿಲ್ಲ. ಏನು ನೆಡಬೇಕು, ಎಲ್ಲಿ ಇಡಬೇಕು? ಆನ್‌ಲೈನ್‌ನಲ್ಲಿ ಹುಳು ಕೊಂಡು ತಂದು ಬಿಡಬಹುದೇ? ಮನೆಯಲ್ಲಿ ಚಿಕ್ಕ ಮಗು ಇದೆ, ಜೇನು ಹೆಚ್ಚಾದರೆ ತೊಂದರೆಯೇ?

ಕೀಟಗನ್ನಡಿ, ಬೆಂಗಳೂರು

ಮೊದಲು ಬದನೆ ನೋಡಿಕೊಳ್ಳಿ, ಅದು ಕಾಯುವ ವಿಷಯವಲ್ಲ. ಎಲೆ ಜರಡಿಯಾಗುತ್ತಿದೆ ಎಂದರೆ ಅದು ಗುಲಗಂಜಿ ಹುಳು ಅಲ್ಲ. ಅದೇ ಕುಟುಂಬದ ಎಪಿಲಾಕ್ನಾ ದುಂಬಿ. ಬದನೆ, ಆಲೂಗಡ್ಡೆ, ಹಾಗಲ ಇವುಗಳ ಎಲೆಯೇ ಅದರ ಊಟ.

ವ್ಯತ್ಯಾಸ ತಿಳಿಯುವುದು ಸುಲಭ. ಗುಲಗಂಜಿ ಹುಳುವಿನ ಬೆನ್ನು ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ನಮ್ಮ ಕಡೆ ಹೆಚ್ಚು ಕಾಣುವುದರ ಬೆನ್ನಿನ ಮೇಲೆ ಕಪ್ಪು ಅಂಕುಡೊಂಕು ಗೆರೆ ಇರುತ್ತದೆ. ಎಪಿಲಾಕ್ನಾ ಬೆನ್ನಿನ ಮೇಲೆ ಸಣ್ಣ ರೋಮ ಇರುವುದರಿಂದ ಬಣ್ಣ ಮಂಕು. ಚುಕ್ಕೆಗಳೂ ಹೆಚ್ಚು, ಸಾಮಾನ್ಯ ಜಾತಿಯಲ್ಲಿ 28ರವರೆಗೆ. ಮರಿ ಇನ್ನೂ ಸ್ಪಷ್ಟ: ಹಳದಿ ಮೈ, ಮೈತುಂಬ ಕವಲೊಡೆದ ಮುಳ್ಳು, ಎಲೆಯ ಅಡಿಯಲ್ಲಿ ನಿಧಾನವಾಗಿ ಕೆರೆಯುತ್ತಾ ಇರುತ್ತದೆ. ನರ ಮಾತ್ರ ಉಳಿದು ಎಲೆ ಬಲೆಯಂತಾಗುವುದು ಅದರಿಂದಲೇ.

ಮೊಟ್ಟೆ ನೋಡಿ ಮಾತ್ರ ಮೋಸಹೋಗಬೇಡಿ. ಎರಡರದ್ದೂ ಹಳದಿ, ಎರಡೂ ಗುಂಪಾಗಿ ನೆಟ್ಟಗೆ ನಿಂತಿರುತ್ತವೆ. ಹೇನು ಇರುವ ಕುಡಿಯ ಪಕ್ಕದಲ್ಲಿ ಇದ್ದರೆ ಬಿಡಿ. ಹೇನೇ ಇಲ್ಲದ ಬದನೆ ಎಲೆಯ ಅಡಿಯಲ್ಲಿ ಇದ್ದರೆ ಎಲೆಯ ಆ ತುಂಡನ್ನು ಕಿತ್ತು ಹಿಸುಕಿಬಿಡಿ.

ಬೆಳಗ್ಗೆ ಬಿಸಿಲು ಏರುವ ಮೊದಲು ದುಂಬಿ ಜಡವಾಗಿರುತ್ತದೆ, ಮುಟ್ಟಿದರೆ ಕಾಲು ಮಡಚಿ ಕೆಳಗೆ ಬೀಳುತ್ತದೆ. ಅಗಲ ಡಬ್ಬಿಯಲ್ಲಿ ಸೋಪು ನೀರು ಹಿಡಿದು ಎಲೆ ತಟ್ಟಿ. ವಾರಕ್ಕೆ ಎರಡು ಸಲದಂತೆ ಮೂರು ವಾರ ಬಿಡದೆ ಮಾಡಿದರೆ ಕುಂಡದ ಗಿಡಗಳಿಗೆ ಇದೇ ಸಾಕು. ಮರಿಗಳಲ್ಲಿ ಕೆಲವು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಎಲೆಗೆ ಅಂಟಿಕೊಂಡಿದ್ದರೆ ಅವನ್ನು ತೆಗೆಯಬೇಡಿ. ಅವುಗಳೊಳಗೆ ಪೆಡಿಯೋಬಿಯಸ್ ಎಂಬ ಸಣ್ಣ ಕಣಜದ ಮರಿಗಳು ಬೆಳೆಯುತ್ತಿರುತ್ತವೆ. ಅವು ಹೊರಬಂದರೆ ಮುಂದಿನ ಕೆಲಸ ಅವುಗಳದ್ದೇ.

ಗುಲಗಂಜಿ ಹುಳುವಿನ ಮರಿಯನ್ನು ಗುರುತಿಡಿ. ಕಪ್ಪು ಅಥವಾ ಬೂದು ಮೈ, ಮೇಲೆ ಹಳದಿ ಅಥವಾ ಬಿಳಿ ಗುರುತು, ಆರು ಉದ್ದ ಕಾಲು, ಹಿಂದಕ್ಕೆ ಚೂಪು, ಚುರುಕು ಓಟ. ತಾಯಿಯನ್ನು ಹೋಲುವುದೇ ಇಲ್ಲ. ತೋಟದಲ್ಲಿ ಹೆಚ್ಚು ಹೇನು ತಿನ್ನುವುದು ಈ ಮರಿ, ನಾವು ಹೆದರಿ ಹೆಚ್ಚು ಕೊಲ್ಲುವುದೂ ಇದನ್ನೇ. ಇನ್ನು ನಾಲ್ಕು ಗುರುತು ನೆನಪಿರಲಿ:

- ಹೇನಿನ ನಡುವೆ ಕಾಲಿಲ್ಲದ, ಹಸಿರು ಮಿಶ್ರಿತ ಪಾರದರ್ಶಕ ಹುಳು ತೆವಳುತ್ತಿದ್ದರೆ ಅದು ಸಿರ್ಫಿಡ್ ನೊಣದ ಮರಿ. ಬೆಳೆದು ಕೋಶವಾಗುವಷ್ಟರಲ್ಲಿ ನೂರಾರು ಹೇನು ಮುಗಿಸುತ್ತದೆ.
- ಕೂದಲಿನಂಥ ದಾರದ ತುದಿಯಲ್ಲಿ ಮೊಟ್ಟೆ ನಿಂತಿದ್ದರೆ ಕ್ರೈಸೊಪರ್ಲಾ, ಅಂದರೆ ಹಸಿರು ಜಾಲರೆಕ್ಕೆಯ ಕೀಟ.
- ಹೇನು ಉಬ್ಬಿ, ಕಂದಾಗಿ, ಅಲುಗದೆ ಕುಳಿತಿದ್ದರೆ ಅದರೊಳಗೆ ಪರಾವಲಂಬಿ ಕಣಜ ಇದೆ. ಬೆನ್ನಿನಲ್ಲಿ ದುಂಡನೆಯ ತೂತಿದ್ದರೆ ಕಣಜ ಆಗಲೇ ಹೊರಟಿದೆ.
- ಹಸಿರು ಹುಳುವಿನ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಯಂಥ ಬಿಳಿ ಗೂಡುಗಳಿದ್ದರೆ ಆ ಹುಳುವನ್ನು ಹಾಗೇ ಬಿಡಿ. ಅದು ಇನ್ನು ತಿನ್ನುವುದಿಲ್ಲ.

ಅಕ್ಕಡಿಸಾಲು, ತುಮಕೂರು

ಹೂವಿನ ವಿಚಾರ ನಾನು ಹೇಳುತ್ತೇನೆ. ನೀವು ತಂದಿರುವುದು ಎಸಳಿನ ಮೇಲೆ ಎಸಳು ತುಂಬಿದ ಹೈಬ್ರಿಡ್ ಚೆಂಡುಹೂ. ಹಾರಕ್ಕೆ ಅದು ಚೆನ್ನ, ಕೀಟಕ್ಕೆ ಅಲ್ಲಿ ಊಟವಿಲ್ಲ. ನಡುವಿನ ಪುಷ್ಪಗಳೇ ಎಸಳಾಗಿ ಬದಲಾಗಿರುವುದರಿಂದ ಪರಾಗ ಕಡಿಮೆ, ಇರುವ ಮಕರಂದಕ್ಕೂ ಬಾಯಿ ತಲುಪುವುದಿಲ್ಲ. ನಡುವೆ ಹಳದಿ ಗುಂಡಿ ತೆರೆದು ಕಾಣುವ ಒಂಟಿ ಸುತ್ತಿನ ಚಿಕ್ಕ ಚೆಂಡುಹೂ ಹುಡುಕಿ. ಜೊತೆಗೆ, ನರ್ಸರಿ ಗಿಡಕ್ಕೆ ಕೆಲವೊಮ್ಮೆ ಇಮಿಡಾಕ್ಲೋಪ್ರಿಡ್‌ನಂಥ ಔಷಧ ಹಾಕಿರುತ್ತಾರೆ. ಬೇರಿನಿಂದ ಏರಿ ಪರಾಗ, ಮಕರಂದಕ್ಕೂ ಸೇರುವ ವಿಷ ಅದು. ಕೇಳದೆ ತಂದ ಗಿಡವಾದರೆ ಈಗಿರುವ ಹೂ, ಮೊಗ್ಗು ಕಿತ್ತು ಹಾಕಿ, ಒಂದೆರಡು ತಿಂಗಳು ಬೇರೆ ಕಡೆ ಇಡಿ. ಉಪಕಾರಿ ಕೀಟಕ್ಕೆಂದು ಬೆಳೆಸುವ ಹೂವನ್ನು ಬೀಜದಿಂದಲೇ ಬೆಳೆಸುವುದು ಕ್ಷೇಮ.

ಸಿರ್ಫಿಡ್ ನೊಣ, ಪರಾವಲಂಬಿ ಕಣಜ ಇವುಗಳ ಬಾಯಿ ತೀರ ಚಿಕ್ಕದು. ಆಳವಾದ ಕೊಳವೆ ಹೂವಿನಿಂದ ಹೀರಲಾರವು. ಮಕರಂದ ಬಾಯಿಗೆ ಸಿಗುವಂತೆ ತೆರೆದಿಡುವ ಹೂ ಬೇಕು: ಕೊತ್ತಂಬರಿ, ಸಬ್ಬಸಿಗೆ, ಸೋಂಪು, ಸಾಸಿವೆ. ಇದರಲ್ಲಿ ಕೊತ್ತಂಬರಿಯಷ್ಟು ಸುಲಭದ್ದು, ಅಗ್ಗದ್ದು ಬೇರೆ ಇಲ್ಲ. ಸೊಪ್ಪಿಗಾಗಿ ಬೆಳೆಸುವವರು ಹೂ ಬಂದೊಡನೆ ಕಿತ್ತು ಬಿಸಾಡುತ್ತಾರಲ್ಲ, ಅಲ್ಲೇ ತಪ್ಪುವುದು. ಸಿರ್ಫಿಡ್ ಹೆಣ್ಣು ನೊಣಕ್ಕೆ ಮೊಟ್ಟೆ ಬಲಿಯಬೇಕಾದರೆ ಪರಾಗ ತಿನ್ನಲೇಬೇಕು. ಪರಾಗ ಪಕ್ಕದಲ್ಲೇ ಸಿಕ್ಕರೆ ನಿಮ್ಮ ಅಲಸಂದೆಯ ಹೇನಿನ ಮಧ್ಯೆಯೇ ಮೊಟ್ಟೆ ಇಡುತ್ತದೆ.

ನಲವತ್ತು ಕುಂಡದ ತಾರಸಿಗೆ ಎಂಟು ಕುಂಡ ಹೂವಿಗೆ ಬಿಡಿ. ಒಂದೇ ಮೂಲೆಯಲ್ಲಿ ಗುಡ್ಡೆ ಹಾಕದೆ, ನಾಲ್ಕು ತರಕಾರಿ ಕುಂಡಕ್ಕೆ ಒಂದರಂತೆ ನಡುನಡುವೆ ಇಡಿ. ಆದರೆ ಒಂದು ಕುಂಡದಲ್ಲಿ ಒಂದೇ ಜಾತಿ ದಟ್ಟವಾಗಿರಲಿ. ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಹೂವಿಗೆ ಹೋಗುತ್ತದೆ, ಅಲ್ಲೊಂದು ಇಲ್ಲೊಂದು ಹೂವಿದ್ದರೆ ಅದಕ್ಕೆ ಲಾಭವಿಲ್ಲ.

ಮಣ್ಣು: ಕೆಂಪು ಮಣ್ಣು ಎರಡು ಪಾಲು, ಕಾಂಪೋಸ್ಟ್ ಒಂದು, ತೆಂಗಿನ ನಾರಿನ ಪುಡಿ ಒಂದು. 12 ಇಂಚಿನ ಗ್ರೋಬ್ಯಾಗ್ ಸಾಕು.

ಕೊತ್ತಂಬರಿಗೆ ದಿನಸಿ ಅಂಗಡಿಯ ಬೀಜವೇ ಆಗುತ್ತದೆ, ಹುರಿದದ್ದಾಗಿರಬಾರದು ಅಷ್ಟೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಚೆಲ್ಲಿ. ಒಂದು ಬ್ಯಾಗಿಗೆ 25-30 ಬೀಜ. ಸೊಪ್ಪು ಮೇಲಿಂದ ಸ್ವಲ್ಪ ಚಿವುಟಿಕೊಳ್ಳಿ, ಹತ್ತು ಗಿಡ ಮುಟ್ಟದೆ ಬಿಡಿ. ಬಿತ್ತಿದ ಆರೇಳು ವಾರಕ್ಕೆ ಹೂ, ಬೇಸಿಗೆಯಲ್ಲಿ ಇನ್ನೂ ಬೇಗ. ಹೂ ಎರಡು ಮೂರು ವಾರವಷ್ಟೇ ಇರುವುದರಿಂದ ಮೂರು ವಾರಕ್ಕೊಮ್ಮೆ ಒಂದೊಂದು ಬ್ಯಾಗ್ ಹೊಸದಾಗಿ ಬಿತ್ತುತ್ತಾ ಹೋಗಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ಒಮ್ಮೆಗೇ ಎಲ್ಲ ಬಿತ್ತುತ್ತಾರೆ, ಒಮ್ಮೆಗೇ ಎಲ್ಲ ಹೂ ಮುಗಿಯುತ್ತದೆ, ಹೂವಿಗೆ ಬಂದ ಕೀಟ ಬೇರೆ ತೋಟ ನೋಡಿಕೊಳ್ಳುತ್ತದೆ.

ಸಾಸಿವೆ, ಹುಚ್ಚೆಳ್ಳು ಅಡುಗೆಮನೆ ಡಬ್ಬಿಯಿಂದಲೇ ತೆಗೆದು ಬಿತ್ತಬಹುದು, ಅರ್ಧ ಸೆಂ.ಮೀ. ಆಳ, ಬ್ಯಾಗಿಗೆ ಐದಾರು ಗಿಡ ಉಳಿಸಿ. ಹುಚ್ಚೆಳ್ಳು ಮೀಟರ್ ಎತ್ತರಕ್ಕೆ ಹೋಗುತ್ತದೆ, ಗಾಳಿಗೆ ಬೀಳದಂತೆ ಕೋಲು ಕೊಡಿ. ಸಾಸಿವೆಗೆ ಬರುವ ಹೇನು ಹೆಚ್ಚಾಗಿ ಎಲೆಕೋಸಿನ ಜಾತಿಯದ್ದು; ನಿಮ್ಮ ಟೊಮೇಟೊ, ಬದನೆಗೆ ದಾಟುವುದಿಲ್ಲ, ಆದರೆ ಗುಲಗಂಜಿ ಹುಳುವಿಗೆ ಒಳ್ಳೆಯ ಊಟ. ಹಾಗಾಗಿ ಸಾಸಿವೆಯಲ್ಲಿ ಹೇನು ಕಂಡರೆ ಸಂತೋಷಪಡಿ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದುದರ ಫಲದಲ್ಲಿ ಇದೂ ಒಂದು. ಅವರೆ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿಗೆ ಹರಳು. ಮನೆಗೆ ಕಾಳು, ಎಣ್ಣೆ ಸಿಗುತ್ತಿತ್ತು, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದರದು ಶುರುವಾಗುತ್ತಿತ್ತು. ಅಲಸಂದೆ, ಹರಳಿನಲ್ಲಿ ಹೂವಿನಾಚೆಯೂ ಮಕರಂದ ಒಸರುವ ಗ್ರಂಥಿಗಳಿವೆ. ಅಲಸಂದೆಯಲ್ಲಿ ಹೂ ಬಿಡುವ ದಂಟಿನ ಮೇಲೆ ನೋಡಿ, ಕಣಜಗಳು ಅಲ್ಲಿ ಬಂದು ನೆಕ್ಕುತ್ತವೆ. ತಾರಸಿಯಲ್ಲೂ ಅದೇ ಲೆಕ್ಕ ಹಾಕಿ: ವರ್ಷದ ಯಾವ ವಾರದಲ್ಲೂ ಕನಿಷ್ಠ ಮೂರು ಜಾತಿ ಹೂವಿರಬೇಕು.

ಜೂನ್-ಆಗಸ್ಟ್ ಮಳೆಯಲ್ಲಿ ಕೊತ್ತಂಬರಿ ಹೂ ಕೊಳೆಯುತ್ತದೆ. ಆಗ ಕಾಮಕಸ್ತೂರಿ, ತುಳಸಿ, ಕಾಸ್ಮಾಸ್, ಹುಚ್ಚೆಳ್ಳು ನಡೆಸುತ್ತವೆ. ತುಳಸಿ ಕದಿರನ್ನು ಎಲ್ಲ ಚಿವುಟಬೇಡಿ, ಒಂದು ಗಿಡದ್ದಾದರೂ ಬಿಡಿ. ಹೊರದೇಶದ ಪಟ್ಟಿಗಳಲ್ಲಿ ಬರುವ ಅಲಿಸಮ್ ಇಲ್ಲಿ ಚಳಿಗಾಲಕ್ಕೆ ಮಾತ್ರ ಸರಿ.

ಮಲೆನಾಡ ಕೈತೋಟ, ಸಾಗರ

ಹೂ ಎಷ್ಟು ಹಾಕಿದರೂ ಇರುವೆಯನ್ನು ತಡೆಯದಿದ್ದರೆ ಅಲಸಂದೆಯ ಹೇನು, ದಾಸವಾಳದ ಹಿಟ್ಟು ತಿಗಣೆ ಎರಡೂ ಹೋಗುವುದಿಲ್ಲ. ಹೇನು, ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅವನ್ನು ಕಾಯುತ್ತದೆ. ಗುಲಗಂಜಿ ಹುಳುವಿನ ಮೊಟ್ಟೆ ಹೊತ್ತೊಯ್ಯುತ್ತದೆ, ಮರಿಯನ್ನು ಕಚ್ಚಿ ಕೆಳಗೆ ಬೀಳಿಸುತ್ತದೆ, ಕಣಜ ಕೂರಲು ಬಿಡುವುದಿಲ್ಲ.

ಇರುವೆಗೆ ವಿಷದ ಪುಡಿ ಬೇಡ, ದಾರಿ ಮುಚ್ಚಿದರೆ ಸಾಕು. ಸ್ಟ್ಯಾಂಡಿನ ಮೇಲಿರುವ ಕುಂಡವಾದರೆ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಆಗ ನೀರಿನ ಮೇಲ್ಮೈ ಬಿಗಿ ಕಳೆದುಕೊಂಡು ಇರುವೆ ಮುಳುಗುತ್ತದೆ. ನೆಲದ ಮೇಲಿರುವ ದಾಸವಾಳಕ್ಕೆ, ಪಪ್ಪಾಯಿಗೆ ಬುಡದಿಂದ ಒಂದು ಅಡಿ ಮೇಲೆ ಮೊದಲು ಅಗಲ ಪ್ಲಾಸ್ಟಿಕ್ ಟೇಪ್ ಬಿಗಿಯಾಗಿ ಸುತ್ತಿ, ಅದರ ಮೇಲೆ 5 ಸೆಂ.ಮೀ. ಅಗಲ ಗ್ರೀಸ್ ಬಳಿಯಿರಿ. ತೊಗಟೆಗೆ ನೇರ ಬಳಿದರೆ ತೊಗಟೆ ಸುಡುತ್ತದೆ. ಧೂಳು ಕೂತು ಗ್ರೀಸ್ ಗಟ್ಟಿಯಾಗುವುದರಿಂದ ಎರಡು ವಾರಕ್ಕೊಮ್ಮೆ ಹೊಸದು ಬಳಿಯಬೇಕು. ಇಷ್ಟೆಲ್ಲ ಮಾಡಿ ಒಂದು ಎಲೆ ಗೋಡೆಗೋ ಪಕ್ಕದ ಕುಂಡಕ್ಕೋ ತಾಗಿದ್ದರೆ ಅದೇ ಸೇತುವೆ. ಅದನ್ನು ಕತ್ತರಿಸಿ.

ಈಗ ಬೇವಿನೆಣ್ಣೆ. ನಿಮ್ಮ ತೋಟಕ್ಕೆ ಯಾವ ಉಪಕಾರಿ ಕೀಟವೂ ನಿಲ್ಲದಿರಲು ನನ್ನ ಪ್ರಕಾರ ದೊಡ್ಡ ಕಾರಣ ಇದು. ಬೇವು ತಿಂದ ಹುಳುವಿಗೆ ಮಾತ್ರ ತಾಗುತ್ತದೆ ಎನ್ನುವುದು ಅರ್ಧ ನಿಜ. ಎಣ್ಣೆ ಮತ್ತು ಸೋಪು ಮೈಮೇಲೆ ಬಿದ್ದರೆ ಮೆತ್ತಗಿನ ಮೈಯ ಸಿರ್ಫಿಡ್ ಮರಿ, ಜಾಲರೆಕ್ಕೆ ಮರಿ, ಸಣ್ಣ ಕಣಜ ಹೇನಿನಷ್ಟೇ ಸುಲಭವಾಗಿ ಸಾಯುತ್ತವೆ. ಬೆಳಗ್ಗೆ ಸಿಂಪಡಿಸಿದರೆ ಜೇನಿನ ಸಮಯಕ್ಕೇ ಹೂ ಒದ್ದೆಯಾಗುತ್ತದೆ, ಬಿಸಿಲಿಗೆ ಎಲೆಯೂ ಸುಡುತ್ತದೆ.

ಲೆಕ್ಕ ನೋಡಿ. ಹೇನಿಗೆ ಗಂಡಿನ ಹಂಗಿಲ್ಲ. ಹುಟ್ಟಿದ ಮರಿ ಒಂದು ವಾರ, ಹತ್ತು ದಿನದಲ್ಲಿ ತಾನೇ ಮರಿ ಹಾಕುತ್ತದೆ. ಗುಲಗಂಜಿ ಹುಳುವಿಗೆ ಮೊಟ್ಟೆಯಿಂದ ದುಂಬಿಯಾಗಲು ಎರಡು ಮೂರು ವಾರ ಬೇಕು. ವಾರಕ್ಕೊಮ್ಮೆ ಎಲ್ಲ ಗಿಡಕ್ಕೂ ಸಿಂಪಡಿಸಿದರೆ ಉಳಿದ ನಾಲ್ಕು ಹೇನು ಮತ್ತೆ ತುಂಬಿಕೊಳ್ಳುತ್ತವೆ, ಅವನ್ನು ತಿನ್ನುವ ಹುಳುವಿನ ಒಂದು ತಲೆಮಾರೂ ಪೂರ್ತಿಯಾಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ಹೇನು ಮುತ್ತಿದ ಅಲಸಂದೆ ಕುಡಿಯನ್ನು ಹತ್ತು ಸೆಂ.ಮೀ. ಚಿವುಟಿ. ಅದರಲ್ಲಿ ಮರಿಗಳಿವೆಯೇ ನೋಡಿ. ಇದ್ದರೆ ಅವನ್ನು ಎಲೆ ಸಮೇತ ಹೇನಿರುವ ಇನ್ನೊಂದು ಗಿಡದ ಮೇಲೆ ಇಡಿ. ಉಳಿದದ್ದಕ್ಕೆ ಪೈಪಿನ ನೀರು ರಭಸವಾಗಿ ಹೊಡೆಯಿರಿ, ಕೆಳಗೆ ಬಿದ್ದ ಹೇನಿನಲ್ಲಿ ಬಹುಪಾಲು ಮತ್ತೆ ಹತ್ತುವುದಿಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ. ಒಂದೆರಡು ಕುಡಿಯಲ್ಲಿ ಹೇನು ಇರಲಿ, ಬಂದ ಹುಳುವಿಗೆ ಊಟ ಬೇಡವೇ? ಇಷ್ಟಕ್ಕೂ ಹಿಡಿತಕ್ಕೆ ಬಾರದಿದ್ದರೆ ಮಾತ್ರ ಬೇವಿನೆಣ್ಣೆ 5 ಮಿ.ಲೀ., ಸೋಪಿನ ದ್ರಾವಣ 2 ಮಿ.ಲೀ., ಉಗುರು ಬೆಚ್ಚಗಿನ ನೀರು 1 ಲೀಟರ್. ಮೊದಲು ಎಣ್ಣೆ, ಸೋಪು ಕಲಸಿ ಹಾಲಿನಂತಾದ ಮೇಲೆ ನೀರು ಸೇರಿಸಿ. ಸೂರ್ಯ ಮುಳುಗಿದ ಮೇಲೆ, ಮುತ್ತಿದ ಕುಡಿಗೆ ಮಾತ್ರ, ಹೂವಿಗೆ ತಾಗದಂತೆ. ಇಡೀ ತೋಟಕ್ಕೆ ಎಂದೂ ಬೇಡ.

ಹಿಂಡಿ ನೀರು ವಾರಕ್ಕೊಮ್ಮೆ ತೀರ ಹೆಚ್ಚಾಯಿತು. ಸಾರಜನಕ ಹೆಚ್ಚಾದರೆ ಕುಡಿ ಎಳಸಾಗಿ ರಸ ತುಂಬಿಕೊಳ್ಳುತ್ತದೆ, ಹೇನಿಗೆ ಅದೇ ಬೇಕು. ಅಲಸಂದೆಗಂತೂ ಬೇಡವೇ ಬೇಡ, ಬೇರಿನ ಗಂಟಿನಲ್ಲಿ ಅದು ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತದೆ. ಉಳಿದವಕ್ಕೆ ತಿಂಗಳಿಗೊಮ್ಮೆ ಸಾಕು.

ತಾರಸಿ ಬೇಸಾಯ, ಹುಬ್ಬಳ್ಳಿ

ಮೇಲಿನವರು ಹೇಳಿದ್ದೆಲ್ಲ ಸರಿ. ಜೊತೆಗೆ ಹಳದಿ ಅಂಟು ಹಾಳೆ ನಾಲ್ಕೈದು ತೂಗುಹಾಕಿದರೆ ಬಿಳಿ ನೊಣ, ರೆಕ್ಕೆ ಬಂದ ಹೇನು ಅಂಟಿಕೊಳ್ಳುತ್ತವೆ. ಸುಲಭದ ದಾರಿ.

ಕೀಟಗನ್ನಡಿ, ಬೆಂಗಳೂರು

@ತಾರಸಿ ಬೇಸಾಯ, ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯವಿದೆ ಸರ್. ಹಳದಿ ಬಣ್ಣಕ್ಕೆ ಸಿರ್ಫಿಡ್ ನೊಣ, ಗುಲಗಂಜಿ ಹುಳು, ಪರಾವಲಂಬಿ ಕಣಜ ಎಲ್ಲವೂ ಬರುತ್ತವೆ. ಭೂತಗನ್ನಡಿ ಹಿಡಿದು ಒಂದು ಹಾಳೆ ನೋಡಿ, ಕಣ್ಣಿಗೆ ಕಪ್ಪು ಚುಕ್ಕೆಯಂತೆ ಕಂಡದ್ದರಲ್ಲಿ ಎಷ್ಟೋ ಕಣಜಗಳಿರುತ್ತವೆ. ಪೂರ್ತಿ ಮುಚ್ಚಿದ ಪಾಲಿಹೌಸ್‌ಗೆ ಅದು ಹೊಂದುತ್ತದೆ. ಹೂ ನೆಟ್ಟು ಕೀಟ ಕರೆಯುವ ತೆರೆದ ತಾರಸಿಯಲ್ಲಿ ಬಿಳಿ ನೊಣ ಬಂದಿದೆಯೇ ಎಂದು ತಿಳಿಯಲು ಒಂದೇ ಹಾಳೆ ಒಂದೆರಡು ದಿನ ಇಟ್ಟು ತೆಗೆಯಿರಿ. ಹೂವಿನ ಕುಂಡದ ಹತ್ತಿರವಂತೂ ಬೇಡ.

ಹುಳು ಕೊಳ್ಳುವ ವಿಚಾರ. ಹೇನಿಗೆಂದು ಗುಲಗಂಜಿ ಹುಳು ಕೊಳ್ಳಬೇಡಿ. ಬಿಟ್ಟ ದುಂಬಿಗೆ ಊಟ ಕಡಿಮೆ ಅನ್ನಿಸಿದರೆ ಹಾರಿಹೋಗುತ್ತದೆ. ಸಿಂಪಡಿಸುವುದು ನಿಂತರೆ ಊರಿನ ಹುಳುವೇ ಬರುತ್ತದೆ. ಟ್ರೈಕೋಗ್ರಾಮಾ (ಪತಂಗಗಳ ಮೊಟ್ಟೆಯೊಳಗೆ ಬೆಳೆಯುವ ಸಣ್ಣ ಕಣಜ) ಕಾರ್ಡೂ ತಾರಸಿಗೆ ಹೊಂದುವುದಿಲ್ಲ. ಒಂದು ಸಿ.ಸಿ. ಕಾರ್ಡಿನಲ್ಲಿ ಸುಮಾರು 20,000 ಪರಾವಲಂಬಿತ ಮೊಟ್ಟೆ ಇರುತ್ತವೆ, ಹೊಲದ ಲೆಕ್ಕ ಅದು.

ದಾಸವಾಳದ ಹಿಟ್ಟು ತಿಗಣೆಗೆ ಮಾತ್ರ ಕೊಂಡು ಬಿಡಲು ಯೋಗ್ಯವಾದ ಒಂದು ಹುಳು ಇದೆ: ಕ್ರಿಪ್ಟೋಲೀಮಸ್. ಆಸ್ಟ್ರೇಲಿಯಾ ಮೂಲದ್ದು, ಭಾರತಕ್ಕೆ 1898ರಲ್ಲೇ ತರಲಾಯಿತು. ದುಂಬಿ ಕಪ್ಪು, ತಲೆ ಕಿತ್ತಳೆ. ಗಿಡಕ್ಕೆ 5ರಿಂದ 10 ಸಾಕು, ಸಂಜೆ ಹೊತ್ತು, ತಿಗಣೆ ದಟ್ಟವಾಗಿರುವ ಕವಲಿನಲ್ಲಿ ಬಿಡಿ. ಬಿಡುವ ಮೊದಲು ಇರುವೆ ತಡೆದಿರಬೇಕು, ಎರಡು ವಾರ ಏನನ್ನೂ ಸಿಂಪಡಿಸಿರಬಾರದು. ಅದರ ಮರಿಯೂ ಮೈಮೇಲೆ ಬಿಳಿ ಮೇಣದ ಎಳೆ ಹೊತ್ತಿರುವುದರಿಂದ ನೋಡಲು ದೊಡ್ಡ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ದುಡ್ಡು ಕೊಟ್ಟು ತಂದದ್ದನ್ನೇ ಉಜ್ಜಿ ತೆಗೆಯುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ತಿಗಣೆ 3-4 ಮಿ.ಮೀ., ಕದಲುವುದೇ ಅಪರೂಪ. ಕ್ರಿಪ್ಟೋಲೀಮಸ್ ಮರಿ ಬಲಿತಾಗ 1 ಸೆಂ.ಮೀ. ಮೀರುತ್ತದೆ, ಮುಟ್ಟಿದರೆ ಓಡುತ್ತದೆ. ಎಲ್ಲಿ ಸಿಗುತ್ತದೆ ಎಂದು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತಿಗಣೆ ಒಂದೆರಡು ಕೊಂಬೆಗೆ ಮಾತ್ರ ಇದ್ದರೆ ಇದೆಲ್ಲ ಬೇಡ, ಆ ಕೊಂಬೆ ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ.

ಪಪ್ಪಾಯಿಗೆ ಹಿಟ್ಟು ತಿಗಣೆ ಬಂದರೂ ಗಾಬರಿಯಾಗಿ ಔಷಧ ಹೊಡೆಯಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದಲ್ಲಿ ತೋಟಗಳನ್ನೇ ಹಾಳು ಮಾಡಿತು. ಔಷಧದಿಂದ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಇದೇ ಸಂಸ್ಥೆ, ಆಗ ಅದರ ಹೆಸರು ಬೇರೆ ಇತ್ತು, ಪೋರ್ಟೊರಿಕೋದಿಂದ ಮೂರು ಜಾತಿಯ ಸಣ್ಣ ಕಣಜ ತರಿಸಿ ಬಿಡುಗಡೆ ಮಾಡಿತು. ಅದರಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಚೆನ್ನಾಗಿ ನೆಲೆಯಾಯಿತು, ಇವತ್ತಿಗೂ ತಾನೇ ಹರಡಿಕೊಂಡು ಕೆಲಸ ಮಾಡುತ್ತಿದೆ. ಒಣಗಿ ಉಬ್ಬಿ ತೂತಾದ ತಿಗಣೆ ಕಂಡರೆ ಕಣಜ ನಿಮ್ಮಲ್ಲೂ ಇದೆ ಎಂದರ್ಥ.

ಹೀರೆಬಳ್ಳಿ, ಮೈಸೂರು

ತುಂಬ ಧನ್ಯವಾದ. ಭೂತಗನ್ನಡಿಯಲ್ಲಿ ನೋಡಿದೆ, ಬದನೆಯದ್ದು ನೀವು ಹೇಳಿದ ಮಂಕು ಬಣ್ಣದ್ದೇ. ಬೇವು ನಿಲ್ಲಿಸುತ್ತೇನೆ. ಹೀರೆ ಮಿಡಿಯ ವಿಚಾರ ಉಳಿಯಿತು. ಕೊತ್ತಂಬರಿ ಹೂವಿಟ್ಟರೆ ಹೀರೆಗೂ ಜೇನು ಬರುತ್ತದೆಯೇ? ತಾರಸಿಯ ಸುತ್ತ ಹಸಿರು ಶೇಡ್‌ನೆಟ್ ಕಟ್ಟಿದ್ದೇನೆ, ಅದು ಅಡ್ಡವೇ?

ಬಳ್ಳಿ ಚಪ್ಪರ, ಪುತ್ತೂರು

ಮೊದಲು ಬಿದ್ದ ಮಿಡಿಯನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿ ಹುಳು ಇದ್ದರೆ, ಹೊರಗೆ ಸೂಜಿ ಚುಚ್ಚಿದ ಗುರುತು, ಅಂಟಿನ ಹನಿ, ಆ ಜಾಗದಲ್ಲಿ ಮಿಡಿ ಸೊಟ್ಟಗಾಗಿದ್ದರೆ ಹಣ್ಣು ನೊಣ. ಒಳಗೆ ಚೊಕ್ಕಟವಾಗಿದ್ದು, ತುದಿಯಿಂದ ಹಳದಿಯಾಗಿ ಸುಕ್ಕಿ ಮೂರು ನಾಲ್ಕು ದಿನದಲ್ಲಿ ಬಿದ್ದಿದ್ದರೆ ಪರಾಗಸ್ಪರ್ಶ ಆಗಿಲ್ಲ. ಬುಡ ದಪ್ಪ, ತುದಿ ಸಣಕಲು ಕಾಯಿ ಬಂದರೆ ಪರಾಗ ಸಿಕ್ಕಿದೆ, ಸಾಲದೆ ಹೋಗಿದೆ.

ಹೀರೆಗೆ ಕೊತ್ತಂಬರಿಯ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಸಮಯ ಬೇರೆ. ಏಣಿನ ಹೀರೆ ಅರಳುವುದು ಸಂಜೆ, ಸುಮಾರು ಐದರಿಂದ ಎಂಟರೊಳಗೆ. ಸೋರೆ, ಪಡವಲವೂ ಸಂಜೆಯವೇ. ಅವಕ್ಕೆ ಪತಂಗಗಳು ಮುಖ್ಯ. ತುಪ್ಪದ ಹೀರೆ, ಹಾಗಲ, ಸೌತೆ, ಕುಂಬಳ ನಸುಕಿನಿಂದ ಬೆಳಗಿನವರೆಗೆ. ಕುಂಬಳದ ಹೂವಂತೂ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಇವಕ್ಕೆ ಜೇನು ಬೇಕು. ತಾರಸಿಯಲ್ಲಿ ರಾತ್ರಿಯಿಡೀ ಬಿಳಿ ದೀಪ ಉರಿಸುತ್ತಿದ್ದರೆ ಪತಂಗ ಹೂ ಬಿಟ್ಟು ದೀಪ ಸುತ್ತುತ್ತದೆ. ಸಂಜೆ ಆರರಿಂದ ಒಂಬತ್ತರವರೆಗಾದರೂ ಆರಿಸಿ.

ಎರಡು ಮೂರು ಬಳ್ಳಿಗೆ ಕೈಯಿಂದ ಪರಾಗ ಮುಟ್ಟಿಸುವುದೇ ನೆಚ್ಚಿಕೆ. ಹಿಂದೆ ಮಿಡಿ ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು. ಸಂಜೆ ಆರೂವರೆ ಹೊತ್ತಿಗೆ ಅಂದೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹಳದಿ ಪುಡಿ ಬೆರಳಿಗೆ ಅಂಟುತ್ತದೆಯೇ ನೋಡಿ, ಹೆಣ್ಣು ಹೂವಿನ ನಡುವಿನ ಮೂರು ಹೋಳಿನ ಭಾಗಕ್ಕೆ ಸುತ್ತಲೂ ಮೆಲ್ಲಗೆ ಸವರಿ. ಒಂದು ಹೋಳು ಬಿಟ್ಟರೆ ಕಾಯಿ ಸೊಟ್ಟ. ಒಂದು ಗಂಡು ಹೂವಿನಿಂದ ಎರಡು ಹೆಣ್ಣಿಗೆ ಮುಟ್ಟಿಸಬಹುದು. ಮಳೆ ಬಂದು ಒದ್ದೆಯಾದ ಪರಾಗ ಕೆಲಸಕ್ಕೆ ಬಾರದು. ಮರುದಿನದಿಂದಲೇ ಕಾಗದದ ಚೀಲ ಅಥವಾ ಹಳೆಯ ಬಟ್ಟೆಯ ಚೀಲ ತೊಡಿಸಿದರೆ ಹಣ್ಣು ನೊಣವೂ ತಪ್ಪುತ್ತದೆ. ಹುಳು ಬಿದ್ದ ಮಿಡಿಯನ್ನು ಕಾಂಪೋಸ್ಟಿಗೆ ಹಾಕಬೇಡಿ, ಹುಳು ಅಲ್ಲಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ವಾರ ಬಿಸಿಲಿಗೆ ಇಡಿ. ಬಳ್ಳಿಯ ಬುಡದ ಮಣ್ಣನ್ನು ಎರಡು ಇಂಚು ಕೆದಕುತ್ತಿರಿ.

ಟೊಮೇಟೊ, ಬದನೆ ಹೂವಿಗೆ ಇನ್ನೊಂದು ಬಗೆಯ, ಜೇನಿನ ಬಳಗದ ದುಂಬಿ ಬೇಕು. ಅವುಗಳ ಪರಾಗ ತುದಿಯಲ್ಲಿ ತೂತಿರುವ ಕೊಳವೆಯೊಳಗಿರುತ್ತದೆ, ಹೂವನ್ನು ಅಲುಗಿಸಿದರೇ ಉದುರುವುದು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ದುಂಬಿ, ಮರ ಕೊರೆಯುವ ಕಪ್ಪು ದುಂಬಿ ಇವು ಹೂ ಹಿಡಿದು ಝೇಂಕರಿಸಿ ಉದುರಿಸುತ್ತವೆ. ತುಡುವೆ ಜೇನಿಗೆ ಆ ವಿದ್ಯೆ ಇಲ್ಲ. ನೀಲಿ ಪಟ್ಟೆಯದಕ್ಕೆ ತುಳಸಿ, ಕಾಮಕಸ್ತೂರಿ, ತುಂಬೆ ಹೂ ಬಹಳ ಇಷ್ಟ. ಅದು ಬರುವವರೆಗೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಹೂಗೊಂಚಲನ್ನು ಬೆರಳಿನಿಂದ ತಟ್ಟಿ. ಏಪ್ರಿಲ್‌ನ 35 ಡಿಗ್ರಿ ಬಿಸಿಲಿಗೆ ಟೊಮೇಟೊ ಹೂ ಉದುರಿದರೆ ಅದಕ್ಕೆ ದುಂಬಿ ಕಾರಣವಲ್ಲ, ಪರಾಗವೇ ಕೆಟ್ಟಿರುತ್ತದೆ.

ಶೇಡ್‌ನೆಟ್ ಖಂಡಿತ ಅಡ್ಡ. ತಲೆಯ ಮೇಲಿನದು ಇರಲಿ, ಪಕ್ಕದ್ದರಲ್ಲಿ ಪೂರ್ವ ಮತ್ತು ದಕ್ಷಿಣ ದಿಕ್ಕಿನದನ್ನಾದರೂ ಮೇಲೆತ್ತಿ ಕಟ್ಟಿ. ಜೋರು ಗಾಳಿಯ ತಾರಸಿಯಲ್ಲಿ ಸಣ್ಣ ಕಣಜ ನಿಲ್ಲಲಾರದು, ಆದ್ದರಿಂದ ಗಾಳಿ ಬೀಸುವ ಕಡೆಗೆ ಹುಚ್ಚೆಳ್ಳು, ಮೆಕ್ಕೆಜೋಳ ಸಾಲಾಗಿ ಇಡಿ.

ಅಕ್ಕಡಿಸಾಲು, ತುಮಕೂರು

ಗೂಡು, ನೀರಿನ ಬಗ್ಗೆ ಯಾರೂ ಹೇಳಲಿಲ್ಲ, ಸೇರಿಸುತ್ತೇನೆ.

ಒಂಟಿ ದುಂಬಿಗಳಿಗೆ ಬಿದಿರು: 15-20 ಸೆಂ.ಮೀ. ಉದ್ದ, ಒಳಗಿನ ಅಗಲ 4ರಿಂದ 10 ಮಿ.ಮೀ., ಒಂದು ತುದಿ ಗಿಣ್ಣಿನಿಂದ ಮುಚ್ಚಿರಬೇಕು. ತೆರೆದ ತುದಿಯನ್ನು ಮರಳು ಕಾಗದದಿಂದ ಉಜ್ಜಿ, ಸಿಬಿರು ಇದ್ದರೆ ರೆಕ್ಕೆ ಹರಿಯುತ್ತದೆ. ಹದಿನೈದು ಇಪ್ಪತ್ತು ತುಂಡು ಕಟ್ಟಿ, ಮಳೆ ಎರಚದ ಸೂರಿನ ಕೆಳಗೆ ಪೂರ್ವಕ್ಕೆ ಮುಖ ಮಾಡಿ ಅಲುಗದಂತೆ ಬಿಗಿಯಿರಿ. ಗಾಳಿಗೆ ತೂಗಾಡಿದರೆ ಯಾವುದೂ ಒಳಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಣ್ಣದ ಕೀಟದ ಮನೆಗಳಲ್ಲಿ ಎರಡೂ ಕಡೆ ತೆರೆದ ಬಿದಿರು, ತೇವ ಹಿಡಿಯುವ ಪೈನ್ ಕಾಯಿ ತುಂಬಿರುತ್ತಾರೆ. ಮಳೆಗಾಲಕ್ಕೆ ಬೂಷ್ಟು ಬರುತ್ತದೆ. ಮರಿ ಹೊರಬಂದು ಖಾಲಿಯಾದ ತುಂಡನ್ನು ಮತ್ತೆ ಬಳಸದೆ ಹೊಸದು ಹಾಕಿ. ಗುಲಾಬಿ ಎಲೆ ಅಂಚಿನಲ್ಲಿ ದುಂಡಗೆ ಕತ್ತರಿಸಿದ ಗುರುತು ಕಂಡರೆ ಎಲೆ ಕತ್ತರಿಸುವ ದುಂಬಿ ಗೂಡಿಗೆ ಒಯ್ದಿದೆ, ರೋಗವಲ್ಲ.

ನೀಲಿ ಪಟ್ಟೆಯದು ಮಣ್ಣಿನಲ್ಲಿ ಗೂಡು ಮಾಡುತ್ತದೆ. ಅದಕ್ಕಾಗಿ ಒಂದು ಹಳೆಯ ಕುಂಡಕ್ಕೆ ಕೆಂಪು ಮಣ್ಣು, ಸ್ವಲ್ಪ ಮರಳು ಕಲಸಿ ಬಿಗಿಯಾಗಿ ತುಂಬಿ, ಒಣಗಿದ ಮೇಲೆ ಪಕ್ಕಕ್ಕೆ ಮಲಗಿಸಿ ಸೂರಿನ ಕೆಳಗೆ ಇಡಿ. ನೀರು ಹಾಕಬಾರದು. ಬಾಯಲ್ಲಿ ಪೆನ್ಸಿಲ್ ದಪ್ಪದ ನಾಲ್ಕು ಕುಳಿ ಚುಚ್ಚಿಟ್ಟರೆ ಶುರುಮಾಡಲು ಅನುಕೂಲ. ಗೋಡೆ ಸಂದಿಯಲ್ಲಿ ಮೇಣದ ಕೊಳವೆ ಮಾಡಿರುವ ಮುಜಂಟಿ ಜೇನಿದ್ದರೆ ಸಿಮೆಂಟ್ ಹಾಕಿ ಮುಚ್ಚಬೇಡಿ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಗೋಡೆಯ ಮೇಲೆ ಕುಂಬಾರ ಹುಳುವಿನ ಮಣ್ಣಿನ ಗೂಡಿದ್ದರೂ ಬಿಡಿ. ಮರಿಗೆಂದು ಗಿಡದ ಹಸಿರು ಹುಳುಗಳನ್ನೇ ತಂದು ತುಂಬುತ್ತದೆ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ, ತುಂಬ ಬೆಣಚು ಕಲ್ಲು, ಕಲ್ಲಿನ ತಲೆ ಮುಳುಗದಷ್ಟು ನೀರು. ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ತಟ್ಟೆಯ ಅಂಚನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ. ಇರುವೆಗೆ ಇಟ್ಟ ಬಟ್ಟಲಿಗೂ ಇದೇ ನಿಯಮ.

ಮಗುವಿನ ಬಗ್ಗೆ: ಹೂವಿನ ಮೇಲೆ ಕೂತ ಜೇನು ಹಿಡಿದರೆ, ತುಳಿದರೆ ಮಾತ್ರ ಚುಚ್ಚುತ್ತದೆ. ಹೂವಿನ ಕುಂಡಗಳು ಮೆಟ್ಟಿಲ ಬಾಗಿಲು, ಬಟ್ಟೆ ಒಣಗಿಸುವ ತಂತಿಯಿಂದ ಹತ್ತು ಅಡಿ ದೂರವಿರಲಿ, ಮಗು ಬರಿಗಾಲಲ್ಲಿ ಓಡಾಡದಿರಲಿ. ಅಪಾಯವಿರುವುದು ಗೂಡಿನ ಹತ್ತಿರ. ಪಕ್ಕದ ಕಟ್ಟಡದಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆ, ಕಲ್ಲು ಎರಡೂ ಬೇಡ, ಮಗುವನ್ನು ಆ ಕಡೆ ಬಿಡಬೇಡಿ.

ಹೀರೆಬಳ್ಳಿ, ಮೈಸೂರು

ಇವತ್ತು ಸೀಳಿ ನೋಡಿದ ಮಿಡಿಗಳಲ್ಲಿ ಹುಳು ಇಲ್ಲ, ಹಾಗಾದರೆ ಪರಾಗದ್ದೇ ಕೊರತೆ. ಕೊನೆಯದಾಗಿ ಒಂದೇ ಪ್ರಶ್ನೆ: ಬೇವು ನಿಲ್ಲಿಸಿದ ಮೇಲೆ ಹೇನು ಮೊದಲು ಹೆಚ್ಚಾದರೆ ಎಷ್ಟು ದಿನ ತಾಳಬೇಕು?

ಮಲೆನಾಡ ಕೈತೋಟ, ಸಾಗರ

ಹೆಚ್ಚಾಗುತ್ತದೆ, ಹತ್ತು ಹದಿನೈದು ದಿನ ತಾಳಿ. ಅಷ್ಟರಲ್ಲಿ ಮೂರು ದಿನಕ್ಕೊಮ್ಮೆ ಅದೇ ಐದು ಕುಡಿಗಳನ್ನು ಗುರುತು ಮಾಡಿ ನೋಡಿ: ಮರಿ, ಮೊಟ್ಟೆ, ಕಂದಾದ ಹೇನು ಯಾವುದಾದರೂ ಕಂಡರೆ ಮುಟ್ಟಬೇಡಿ. ಮೂರೂ ಇಲ್ಲ, ಕುಡಿ ಮುರುಟುತ್ತಿದೆ, ಎಲೆಗೆ ಕಪ್ಪು ಬೂಷ್ಟು ಹತ್ತುತ್ತಿದೆ ಎಂದಾದರೆ ನೀರು ಹೊಡೆಯಿರಿ, ಆಮೇಲೂ ಹಾಗೇ ಇದ್ದರೆ ಆ ಕುಡಿಗಳಿಗೆ ಮಾತ್ರ ಸಂಜೆ ಬೇವು. ಹೊಸದಾಗಿ ಬಿತ್ತುವ ಅಲಸಂದೆಯನ್ನು ಕೊತ್ತಂಬರಿ ಹೂ ಬರುವ ಸಮಯಕ್ಕೆ ಹೊಂದುವಂತೆ ಎರಡು ಮೂರು ವಾರ ತಡವಾಗಿ ಬಿತ್ತಿ.